ಧಣಿಯ ಮಾತು, ಕ್ಯಾತಣ್ಣನ ಬಾಯಿ

"ನಾನು ಹಾಕಲ್ಲ ಕಣಕ್ಕ," ಎಂದು ಗಂಗರಾಜು ಅಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. "ನನ್ನ ಕಾಲು ತಿಂದೋನ ಬಾಯಿಗೆ ಅಕ್ಕಿ ಹಾಕು ಅಂತೀಯಲ್ಲ!"

ಕಮಲಾಕ್ಷಮ್ಮ ತಟ್ಟೆ ಹಿಡಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಕೊಂಡ್ಲಹಳ್ಳಿಯ ಆ ಅಂಗಳದಲ್ಲಿ ಅವಳ ಗಂಡ ಕ್ಯಾತಣ್ಣನ ಹೆಣ ಬೆಳಗಿನಿಂದ ಕಾಯುತ್ತಿತ್ತು. ಚಳ್ಳಕೆರೆಯ ಎಣ್ಣೆಮಿಲ್ಲಿನ ಏಕಾಂತಪ್ಪನವರ ಫುಟ್‌ಬಾಲ್ ತಂಡಕ್ಕೆ ಇಪ್ಪತ್ತು ವರ್ಷ ಮ್ಯಾನೇಜರ್ ಆಗಿದ್ದವನು. ಸಂಬಳ ಕೊಟ್ಟು ಆಟಗಾರರನ್ನು ಸಾಕುವ ತಂಡ. ಯಾರನ್ನು ಸೇರಿಸಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂಬುದೆಲ್ಲ ಧಣಿಯ ಮನೆಯ ಊಟದ ಹೊತ್ತಿಗೆ ತೀರ್ಮಾನವಾಗುತ್ತಿತ್ತು. ಹೇಳುವ ಬಾಯಿ ಮಾತ್ರ ಕ್ಯಾತಣ್ಣನದು. ಬೈಸಿಕೊಳ್ಳುವವನೂ ಅವನೇ.

ಬಿಸಿಲು ನೆತ್ತಿಗೇರಿತ್ತು. ಗುಂಡಿ ತೋಡಿ ಬಂದವರು ಬೇಲಿಯ ಪಕ್ಕ ಬೀಡಿ ಮೇಲೆ ಬೀಡಿ ಸೇದುತ್ತಿದ್ದರು. "ಎತ್ರಪ್ಪೋ, ಇನ್ನೆಷ್ಟೊತ್ತು?" ಎಂದು ಕ್ಯಾತಣ್ಣನ ಅಣ್ಣ ದೊಡ್ಡೀರಪ್ಪ ಮೂರನೇ ಸಲ ಕೂಗಿದ. ಏಕಾಂತಪ್ಪನವರು ಕುರ್ಚಿಯಿಂದ ಎದ್ದರು, ಗಡಿಯಾರ ನೋಡಿಕೊಂಡರು, ಮತ್ತೆ ಕೂತರು.

ಕಮಲಾಕ್ಷಮ್ಮನಿಗೆ ಬೇಕಾಗಿದ್ದು ಒಂದೇ: ಗಂಡ ಆ ಕೆಟ್ಟ ಹೆಸರು ಹೊತ್ತುಕೊಂಡು ಮಣ್ಣಿಗೆ ಹೋಗಬಾರದು. ಗಂಗರಾಜು ಅಕ್ಕಿ ಹಾಕುವ ತನಕ ಹೆಣ ಎತ್ತಲು ಅವಳು ಬಿಡುತ್ತಿರಲಿಲ್ಲ.

*

ತೊಂಬತ್ತೆಂಟರ ಫೈನಲ್. ವಿರಾಮದ ಹೊತ್ತಿಗೆ ಗಂಗರಾಜುವಿನ ಮಂಡಿ ತೆಂಗಿನಕಾಯಿಯಷ್ಟು ಊದಿತ್ತು.

"ಆಗಲ್ಲ ಧಣಿ, ಹುಡುಗನ ಕಾಲು ಹೋಗ್ತೈತೆ," ಎಂದು ಕ್ಯಾತಣ್ಣ ಹೊರಗೆ ಜೀಪಿನ ಹತ್ತಿರ ಕೈಮುಗಿದ.

"ಆಡ್ಸು. ನಾನಂದೆ ಅಂತ ಮಾತ್ರ ಅನ್ಬ್ಯಾಡ," ಎಂದರು ಏಕಾಂತಪ್ಪನವರು.

ಒಳಗೆ ಬಂದವನು ಗಂಗರಾಜುವಿನ ಮುಖ ನೋಡದೆ, "ಏಳಲೇ, ನಾನ್ ಹೇಳ್ತಿದೀನಿ, ಆಡು," ಎಂದ. ಆಟ ಮುಗಿಯುವ ಮೊದಲೇ ಹುಡುಗನನ್ನು ಹೊತ್ತು ತಂದರು. ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಕ್ಯಾತಣ್ಣ ಹೆಂಡತಿಯ ಮುಂದೆ ಕೂತು ಅತ್ತ, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿದ. ಎಂಥ ಹಾಳು ಆಣೆಯೋ, ಐದು ವರ್ಷ ಅವಳ ಗಂಟಲಲ್ಲೇ ಕೂತಿತ್ತು.

*

ಏಕಾಂತಪ್ಪನವರು ತಾವೇ ಬಂದು ಒಂದು ಹಿಡಿ ಅಕ್ಕಿ ತೆಗೆದುಕೊಂಡರು. ಕಮಲಾಕ್ಷಮ್ಮ ಅವರ ಮುಂಗೈ ಹಿಡಿದಳು. ಧಣಿಯ ಕೈ ಹಿಡಿಯುವುದೆಂದರೇನು!

"ನಮ್ಮನ್ಯಾಗೆ ಒಂದು ಕಟ್ಟು ಐತೆ ಧಣಿ. ಸತ್ತೋರ ಮ್ಯಾಲೆ ಸುಳ್ಳು ಹೊರಿಸ್ದೋರು ಅವರ ಬಾಯಿಗೆ ಅಕ್ಕಿ ಹಾಕಂಗಿಲ್ಲ. ನಾನು ಆಣೆ ಮಾಡೀನಿ, ಬಾಯಿ ಬಿಡಲ್ಲ. ನಿಮ್ಗೆ ಹಾಕ್ಬೋದು ಅನ್ಸಿದ್ರೆ ಹಾಕ್ರಿ."

ಕೈ ಬಿಟ್ಟಳು. ಏಕಾಂತಪ್ಪನವರು ಹೆಣದ ಕಡೆಗೆ ಬಾಗಿದರು. ಬಾಗಿದವರು ಹಾಗೇ ನಿಂತರು. ಆಮೇಲೆ ಅಕ್ಕಿಯನ್ನು ತಟ್ಟೆಗೇ ವಾಪಸ್ ಸುರಿದರು.

"ಹಂಗಾದ್ರೆ ಅವತ್ತು..." ಎಂದ ಗಂಗರಾಜು.

"ನಾನೇ ಕಣಪ್ಪ ಆಡ್ಸು ಅಂದಿದ್ದು. ಅವ್ನು ಬ್ಯಾಡ ಅಂದಿದ್ದ."

ಗಂಗರಾಜು ಹೆಣದ ಪಕ್ಕ ಕುಸಿದ. "ಹೇಳಬಾರ್ದಾಗಿತ್ತೇನೋ ಕ್ಯಾತಣ್ಣ! ಐದು ವರ್ಷ ನಿನ್ನ ಬೈದ್ನಲ್ಲೋ!" ತಟ್ಟೆ ಎಳೆದುಕೊಂಡು ಅವನ ಬಾಯಿಗೆ ಅಕ್ಕಿ ಹಾಕಿದ.

ಚಟ್ಟ ಎತ್ತುವಾಗ ಮುಂದಿನ ತುದಿಗೆ ಅವನೇ ಹೆಗಲು ಕೊಟ್ಟ. "ಲೇ, ನಿನ್ನ ಕೈಲಾಗಲ್ಲ ಬಿಡೋ," ಎಂದ ದೊಡ್ಡೀರಪ್ಪ. ಅವನು ಬಿಡಲಿಲ್ಲ. ಹೆಜ್ಜೆಗೊಮ್ಮೆ ಚಟ್ಟ ಅವನ ಕಡೆಗೆ ವಾಲುತ್ತಿತ್ತು. ಊರ ಬಾವಿ ದಾಟುವಷ್ಟರಲ್ಲಿ ಉಳಿದ ಮೂವರೂ ಅವನ ಹಾಗೇ ಕುಂಟತೊಡಗಿದ್ದರು.