ಜೈಲಿನ ಪ್ರಾರ್ಥನಾ ಮಂದಿರ

ರಾಯಭಾರಿಗಳು ಜೈಲು ನೋಡಲು ಬರುತ್ತಾರೆಂಬ ಸುದ್ದಿ ಬಂದ ದಿನ ಸೂಪರಿಂಟೆಂಡೆಂಟರಿಗೆ ಇದ್ದಕ್ಕಿದ್ದಂತೆ ಭಕ್ತಿ ಹುಟ್ಟಿತು. ತಮ್ಮ ದೇವರ ಮೇಲಲ್ಲ, ಕೈದಿಯ ದೇವರ ಮೇಲೆ.

ಕೈದಿ ಗಡಿಯಾರ ರಿಪೇರಿಯವನು. ಊರಿನಲ್ಲಿ ಅವನ ಮತದವರು ಬೆರಳೆಣಿಕೆಯಷ್ಟು. ಹೆಂಡತಿ, ಭಾವಮೈದುನ, ಪಕ್ಕದ ಮನೆಯ ಅಜ್ಜಿ, ಇವರನ್ನು ಕೂರಿಸಿಕೊಂಡು ತನ್ನದೇ ನಡುಮನೆಯಲ್ಲಿ ಪ್ರಾರ್ಥನೆ ಮಾಡಿದ್ದು ಅವನ ಅಪರಾಧ: ಅನುಮತಿಯಿಲ್ಲದ ಸಭೆ. ಅವನು ಒಳಗೆ ಹೋದ, ನಡುಮನೆಗೆ ಸೀಲು ಬಿತ್ತು. ದೂರದ ದೊಡ್ಡ ದೇಶವೊಂದು ಮೊದಲು ಕಳವಳ ವ್ಯಕ್ತಪಡಿಸಿತು, ಆಮೇಲೆ ತೀವ್ರ ಕಳವಳ. ಆ ದೇಶದೊಡನೆ ವ್ಯಾಪಾರ ಒಪ್ಪಂದದ ರುಜು ಬಾಕಿಯಿದ್ದುದರಿಂದ ಕಳವಳಕ್ಕೆ ಬೆಲೆಯಿತ್ತು. ಬರಲಿದ್ದ ರಾಯಭಾರಿಗಳು ಆ ದೇಶದವರೇ.

ಬಕೆಟ್ಟು, ಪೊರಕೆ ಇಡುವ ಕೋಣೆ ಖಾಲಿಯಾಯಿತು. ಸುಣ್ಣ ಬಳಿದರು. ಸೂಪರಿಂಟೆಂಡೆಂಟರ ಮನೆಯಿಂದಲೇ ಕಾರ್ಪೆಟ್ಟು ಬಂತು. ಹೊರಗೇಟಿಗೆ 'ಪ್ರಾರ್ಥನಾ ಮಂದಿರ' ಎಂಬ ಬೋರ್ಡು ಬರೆದ ಪೇಂಟರ್, ಕೆಳಗೆ ಜಾಗ ಉಳಿಯಿತಲ್ಲಾ ಎಂದು, ಹೋಟೆಲುಗಳಿಗೆ ಬರೆದು ರೂಢಿಯಾದ ಕೈಯಲ್ಲಿ 'ಎಲ್ಲರಿಗೂ ಸ್ವಾಗತ' ಎಂದೂ ಬರೆದ. ಸಾಹೇಬರಿಗೆ ಅದು ಬಹಳ ಹಿಡಿಸಿತು.

ಆಮೇಲೆ ಕೈದಿಯ ಹೆಂಡತಿಯನ್ನು ಕರೆಸಿದರು.

"ನೋಡಮ್ಮ, ರಾಯಭಾರಿಗಳು ಕೇಳಿದ್ರೆ 'ಏನೂ ತೊಂದ್ರೆ ಇಲ್ಲ' ಅಂತ ಹೇಳೋಕೆ ನಿನ್ ಗಂಡನಿಗೆ ಬುದ್ಧಿ ಹೇಳು. ಮಾರನೇ ದಿನವೇ ಮನೆಗೆ ಕಳಿಸ್ತೀನಿ."

ಅವಳು ಸರಳಿನಾಚೆಯಿಂದ ಗಂಡನಿಗೆ ಬುದ್ಧಿ ಹೇಳಿದಳು.

"ನನ್ ಬಾಯಲ್ಲಿ ಸುಳ್ಳು ಹೇಳಿಸ್ತೀಯೇನೇ?"

"ಬರೀ ಬ್ಯಾಟರಿ ಹೋದ ವಾಚಿಗೆ ಒಳಗೆಲ್ಲಾ ಕೆಟ್ಟಿದೆ ಅಂದವರು ನೀವೇ ತಾನೇ? ಒಂದ್ ಮಾತು ಹೇಳಿ ಮನೆಗೆ ಬನ್ರಿ."

ರಾಯಭಾರಿಗಳು ಬಂದರು. ಬೂಟು ಕಳಚಿ ಕಾರ್ಪೆಟ್ಟಿನ ಮೇಲೆ ನಿಂತರು. ಕೈದಿ ತನಗೆ ಏನೂ ತೊಂದರೆಯಿಲ್ಲ ಎಂದ. ಅವರ ಕಣ್ಣು ಒದ್ದೆಯಾಯಿತು, ಬೋರ್ಡಿನ ಕೆಳಗೆ ಫೋಟೋ ಆಯಿತು. ತೀವ್ರ ಕಳವಳ ಆ ಸಂಜೆಯೇ ತೃಪ್ತಿಯಾಗಿ, ಒಪ್ಪಂದಕ್ಕೆ ರುಜು ಬಿತ್ತು.

ಮಾರನೇ ದಿನ ಹೆಂಡತಿ ಗಂಡನಿಗೆ ಒಗೆದ ಬಟ್ಟೆ ಹಿಡಿದು ಬಂದಳು.

"ಯಾಕಮ್ಮ ಬಿಡೋದು? ತೊಂದ್ರೆ ಇಲ್ಲ ಅಂತ ಅವನೇ ಹೇಳಿದ್ನಲ್ಲ!"

"ಮಾತು ಕೊಟ್ಟಿದ್ರಿ, ಸಾರ್."

"ಮನೇಲಿ ಎಲ್ಲಿ ಪ್ರಾರ್ಥನೆ ಮಾಡ್ತಾನೆ? ಸೀಲು ಬಿದ್ದಿದೆ. ಇಲ್ಲಿ ಕಾರ್ಪೆಟ್ಟಿದೆ."

ಅವಳು ಅಳಲಿಲ್ಲ. ಹೋಗುವಾಗ ಗೇಟಿನ ಬೋರ್ಡನ್ನು ಎರಡು ಸಲ ಓದಿಕೊಂಡಳು.

ಮುಂದಿನ ಪ್ರಾರ್ಥನೆಯ ದಿನ ಬೆಳಿಗ್ಗೆ ಅವಳು, ಅವಳ ತಮ್ಮ, ಪಕ್ಕದ ಮನೆಯ ಅಜ್ಜಿ ಗೇಟಿಗೆ ಬಂದರು. ಅಜ್ಜಿ ತನ್ನ ಸ್ಟೂಲನ್ನೂ ತಂದಿದ್ದಳು.

"ಪ್ರಾರ್ಥನೆಗೆ ಬಂದ್ವಿ."

"ಇದು ಜೈಲು ಕಣಮ್ಮ!" ಎಂದ ಪಹರೆಯವನು.

"ಎಲ್ಲರಿಗೂ ಸ್ವಾಗತ ಅಂತ ಬರೆಸಿದೀರಿ. ಪೇಪರಲ್ಲೂ ಫೋಟೋ ಬಂದಿದೆ."

"ಬೇಗ ಬಾಗಿಲು ತೆಗಿಯಪ್ಪ, ಮಂಡಿ ನೋಯ್ತಿದೆ," ಎಂದಳು ಅಜ್ಜಿ.

ಸೂಪರಿಂಟೆಂಡೆಂಟರು ಬೆವರೊರೆಸಿಕೊಂಡು ಮಂತ್ರಿಗಳ ಕಚೇರಿಗೆ ಫೋನು ಮಾಡಿದರು. ಒಳಗೆ ಬಿಟ್ಟರೆ ಅನುಮತಿಯಿಲ್ಲದ ಸಭೆ, ಅದರ ಸಂಘಟಕರು ಸ್ವತಃ ಅವರೇ. ಹಿಡಿದು ಹಾಕಿದರೆ ರಾಯಭಾರಿಗಳಿಗೆ ಮತ್ತೆ ಕಳವಳ.

"ಬೋರ್ಡು ಇಳಿಸ್ಲಾ, ಸಾರ್?"

"ಬೋರ್ಡು ಇಳಿಸ್ತೀಯ, ಫೋಟೋ ಏನ್ಮಾಡ್ತೀಯ? ಮೊದ್ಲು ಅವನನ್ನ ಆಚೆ ಹಾಕಯ್ಯ! ಅವನೇ ಇಲ್ಲದ ಮೇಲೆ ಇವರಿಗೆ ಅಲ್ಲೇನು ಕೆಲಸ?"

ಮಧ್ಯಾಹ್ನದೊಳಗೆ ಗಡಿಯಾರ ರಿಪೇರಿಯವನು ಹೊರಗಿದ್ದ. ಮಂತ್ರಿಗಳು ಇದನ್ನು ತಮ್ಮ ಔದಾರ್ಯವೆಂದರು. ದೊಡ್ಡ ದೇಶ ಇದನ್ನು ತನ್ನ ಮೌನ ರಾಜತಾಂತ್ರಿಕತೆಯ ವಿಜಯವೆಂದಿತು. ಅದು ಮೌನವಾಗಿದ್ದುದೇನೋ ನಿಜ.

ಗೇಟಿನ ಹೊರಗೆ ಹೆಂಡತಿ ಗಂಡನ ಕೈ ಬಿಡದೆ ನಡೆಯತೊಡಗಿದಳು. ಅಜ್ಜಿ ಮಾತ್ರ ಕದಲಲಿಲ್ಲ.

"ಎಲ್ಲಿಗೆ ಹೊರಟ್ರೋ? ಬಂದ ಕೆಲಸ ಆಗ್ಲಿಲ್ಲ. ಮನೇಲೂ ಸೀಲು. ಇಲ್ಲೇ ಮುಗಿಸ್ಕೊಂಡು ಹೋಗೋಣ."

ರಸ್ತೆಬದಿಯಲ್ಲಿ ಸ್ಟೂಲು ಹಾಕಿ ಕಣ್ಣು ಮುಚ್ಚಿದಳು. ಉಳಿದವರು ಸುತ್ತ ಕುಳಿತರು.

ಸೂಪರಿಂಟೆಂಡೆಂಟರು ಕಿಟಕಿಯಿಂದ ಇಣುಕಿದರು. ಕಂಡರೆ ಹಿಡಿಯಬೇಕು, ಹಿಡಿದರೆ ತಮ್ಮ ಮನೆಗೆ ವಾಪಸು ಹೊರಟಿರುವ ಕಾರ್ಪೆಟ್ಟನ್ನು ಮತ್ತೆ ತರಿಸಬೇಕು. ಅವರು ಪರದೆ ಎಳೆದರು.