ಏಳು ನಲವತ್ತರ ಬಾತುಗಳು

ನಮ್ಮ ಭಾವನವರು ಬಂದ ಹಕ್ಕಿಗಿಂತ ಬಾರದ ಹಕ್ಕಿಯನ್ನು ಹೆಚ್ಚು ಶ್ರದ್ಧೆಯಿಂದ ಬರೆಯುತ್ತಿದ್ದರು. ಚಳಿಗಾಲದ ಬೆಳಗ್ಗೆ ಕೆರೆಯ ದಡದಲ್ಲಿ ನಿಂತು, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳದೆ, ದಾರ ಕಟ್ಟಿದ ಪೆನ್ಸಿಲಿನಿಂದ 'ಕೆಂಪುತಲೆಯ ಬಾತು, ಬಂದಿಲ್ಲ' ಎಂದು ಗುಂಡಗಿನ ಅಕ್ಷರದಲ್ಲಿ ಬರೆಯುವುದನ್ನು ನೋಡಿದರೆ, ಆ ಬಾತು ಇವರಿಗೆ ಮಾತು ಕೊಟ್ಟು ತಪ್ಪಿಸಿಕೊಂಡಿದೆಯೇನೋ ಅನ್ನಿಸಬೇಕು. ಆ ಒಂದು ಬಾತಿನ ಬಗ್ಗೆಯೇ ಮೂರು ಚಳಿಗಾಲ ದಿನಕ್ಕೊಂದು ಸಾಲಿನಂತೆ ಹೀಗೆ ಬರೆದರು. ಅವರ ಹೆಂಡತಿ, ಎಂದರೆ ನನ್ನ ಓರಗಿತ್ತಿ, ನಾನು ಅಕ್ಕ ಎಂದು ಕರೆಯುತ್ತಿದ್ದವಳು, ಬಾಗಿಲಲ್ಲಿ ನಿಂತು ನಾಲ್ಕು ಮನೆಗೆ ಕೇಳುವ ಹಾಗೆ ಹೇಳುತ್ತಿದ್ದಳು: "ಮನೆಗೆ ಬಂದೋರ ಮುಖ ನೋಡಲ್ಲ, ಕೆರೆಗೆ ಬರದೋರ ಹಾಜರಿ ತಗೋತಾರೆ."

ಭಾವ ನನ್ನ ಗಂಡನ ಅಣ್ಣ. ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ವೇಳೆ ಬರೆಯುವ ಕೆಲಸ ಮಾಡಿದವರು. ಬಸ್ಸು ಓಡಿಸಿದವರಲ್ಲ, ಟಿಕೆಟ್ಟು ಹರಿದವರಲ್ಲ. ಗಾಜಿನ ಕಿಟಕಿಯ ಒಂದು ಗೂಡಿನಂಥ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಹೊರಟಿತು, ಯಾವುದು ಬರಲೇ ಇಲ್ಲ ಎಂದು ಬರೆಯುತ್ತಿದ್ದರು. ಬಂದ ಬಸ್ಸನ್ನು ಇಡೀ ನಿಲ್ದಾಣ ನೋಡುತ್ತದೆ, ಬಾರದ ಬಸ್ಸಿಗೆ ನಾನೊಬ್ಬನೇ ಸಾಕ್ಷಿ ಎಂಬುದು ಅವರ ಹೆಮ್ಮೆ. ನಿವೃತ್ತಿಯಾದ ಮೇಲೂ ಆ ನಡಿಗೆ ಬಿಡಲಿಲ್ಲ. ನಾಲ್ಕು ಹೆಜ್ಜೆ ಬಿರಬಿರನೆ ನಡೆದು ಗಕ್ಕನೆ ನಿಲ್ಲುವರು, ಕತ್ತು ಉದ್ದ ಮಾಡಿ ದೂರಕ್ಕೆ ನೋಡುವರು, ಮಣಿಕಟ್ಟಿನ ಗಡಿಯಾರ ನೋಡುವರು, ಮತ್ತೆ ನಾಲ್ಕು ಹೆಜ್ಜೆ. ಖಾಕಿ ಬಣ್ಣದ ಆ ಹಳೆಯ ಕೋಟು ಎಷ್ಟು ಸಲ ಒಗೆತ ಕಂಡಿತ್ತೆಂದರೆ ಅದಕ್ಕೆ ಯಾವ ಬಣ್ಣವೂ ಉಳಿದಿರಲಿಲ್ಲ. ನಾಲ್ಕು ಜೇಬು ಮಾತ್ರ ಗಟ್ಟಿಯಾಗಿದ್ದವು. 'ಬರುತ್ತೆ' ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿಲ್ಲ. ಅತಿಥಿಯಾಗಲಿ, ಮಳೆಯಾಗಲಿ, ಹಾಲಿನವನಾಗಲಿ, 'ಬರಬೇಕು' ಎನ್ನುವರು, ಅಷ್ಟೆ. ಒಮ್ಮೆ ನಾನೂ ನನ್ನ ಗಂಡನೂ ಎರಡು ದಿನದ ಪ್ರಯಾಣ ಮುಗಿಸಿ, ಹೆಣ ಹೊತ್ತವರಂತೆ ಸುಸ್ತಾಗಿ ಗೇಟಿನ ಬಳಿ ಬಂದರೆ, "ಹನ್ನೊಂದು ನಿಮಿಷ ಲೇಟು" ಎಂದು ಮೊದಲು ಹೇಳಿ, ಆಮೇಲೆ ಆರೋಗ್ಯವೇ ಎಂದು ಕೇಳಿದರು.

ಇಂಥವರ ಕೈ ಸುಮ್ಮನಿರುತ್ತದೆಯೇ? ನಿವೃತ್ತಿಯಾದ ವರ್ಷ ವಾಯುವಿಹಾರಕ್ಕೆಂದು ಊರಾಚೆಯ ದೊಡ್ಡ ಕೆರೆಗೆ ಹೋದರು. ನೀರಿನ ತುಂಬ ಸೂಜಿಬಾಲದ ಬಾತುಗಳು. ಬೇರೆಯವರಾದರೆ ಎಷ್ಟು ಚೆನ್ನಾಗಿವೆ ಎನ್ನುತ್ತಿದ್ದರು. ಇವರು ಪಕ್ಕದಲ್ಲಿದ್ದ ಮೀನುಗಾರನನ್ನು, ಇವು ಎಷ್ಟು ಗಂಟೆಗೆ ಬಂದವು ಎಂದು ಕೇಳಿದರಂತೆ. ಅವನಿಗೆ ಗೊತ್ತಿರಲಿಲ್ಲ. ಅಂದೇ ಸಂಜೆ ಒಂದು ದಪ್ಪ ಪುಸ್ತಕ ತಂದು ಗೆರೆ ಎಳೆದರು: ಹೆಸರು, ಬರಬೇಕಾದ ದಿನ, ಬಂದ ದಿನ, ಹೊರಟ ಹೊತ್ತು, ಷರಾ. ಎರಡು ವಾರ ತಡವಾಗಿ ಬಂದ ನಾಮದ ಕೋಳಿ ಎಂಬ ನೀರುಹಕ್ಕಿಗಳ ಮುಂದೆ ಷರಾದಲ್ಲಿ 'ಕಾರಣ ತಿಳಿಸಿಲ್ಲ' ಎಂದು ಬರೆದದ್ದನ್ನು ನಾನೇ ಓದಿದ್ದೇನೆ. ನನಗೆ ಅಕ್ಷರ ಕೂಡಿಸಿ ಓದುವಷ್ಟೇ ಓದು. ಆದರೂ ನಗು ತಡೆಯಲಾಗಲಿಲ್ಲ.

ಆ ಊರಿನಲ್ಲಿ ಹಕ್ಕಿ ನೋಡುವವರ ಒಂದು ಸಂಘವಿತ್ತು. ಕಣ್ಣಿನ ಡಾಕ್ಟರು ಅದರ ಅಧ್ಯಕ್ಷರು. ಒಳ್ಳೆಯ ಮನುಷ್ಯರೇ, ಆದರೆ ಮೂರು ಕಾಲಿನ ದೊಡ್ಡ ದೂರದರ್ಶಕವಿದ್ದವರಿಗೆ ಬರುವ ಸ್ವಲ್ಪ ಗತ್ತು ಅವರಿಗೂ ಬಂದಿತ್ತು. ವರ್ಷಕ್ಕೊಮ್ಮೆ, ಚಳಿ ಏರಿದ ಒಂದು ಭಾನುವಾರ, ಸಂಘದವರು ಕೆರೆಗಳ ಹಕ್ಕಿಗಳನ್ನೆಲ್ಲ ಎಣಿಸಿ ದೇಶದ ದೊಡ್ಡ ಪಟ್ಟಿಗೆ ಕಳಿಸುತ್ತಿದ್ದರು. ಆ ಎಣಿಕೆಯ ತಂಡದಲ್ಲಿ ತನಗೊಂದು ಜಾಗ ಬೇಕೆಂಬುದು ಭಾವನ ಆಸೆ. ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ಬಂದ ಹಕ್ಕಿ ಬರೆಯಿರಿ ಎಂದರೆ ಬಾರದ ಹಕ್ಕಿ ಬರೆಯುತ್ತೀರಿ, ಹಾಗೆ ಬರೆಯುತ್ತಾ ಹೋದರೆ ಉಷ್ಟ್ರಪಕ್ಷಿಯೂ ಬಂದಿಲ್ಲ ಎಂದು ಬರೆಯಬೇಕಾದೀತು ಎಂದು ಡಾಕ್ಟರು ತುಂಬಿದ ಸಭೆಯಲ್ಲಿ ನಕ್ಕರು. ಮುಂದಿನ ವರ್ಷ ಮರ್ಯಾದೆಯ ಕಾಗದವೊಂದು ಬಂತು: ತಮ್ಮ ವಯಸ್ಸನ್ನು ಗಮನಿಸಿ ತಂಡದಿಂದ ಬಿಡುವು ಕೊಟ್ಟಿದ್ದೇವೆ, ಎಣಿಕೆ ಮುಗಿದ ಮೇಲೆ ಚಹಾಕ್ಕೆ ಬರಬೇಕು. ಭಾವ ಅದನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. ಆ ದಿನ ಊಟಕ್ಕೆ ಕೂತವರು ಅನ್ನವನ್ನು ಬರೀ ಕಲಸಿದರು.

ಆದರೂ ಚಹಾಕ್ಕೆ ಹೋದರು. ಅಲ್ಲಿ ಸಂಭ್ರಮವೋ ಸಂಭ್ರಮ. ದೊಡ್ಡ ಕೆರೆಯಲ್ಲಿ ಸೂಜಿಬಾಲದ ಬಾತು ಆರುನೂರ ನಲವತ್ತೆರಡು, ಇಟ್ಟಿಗೆ ಗೂಡಿನ ಆಚೆಯ ಚಿಕ್ಕ ಕೆರೆಯಲ್ಲಿ ಆರುನೂರ ಇಪ್ಪತ್ತಮೂರು. ಸಂಘದ ಚರಿತ್ರೆಯಲ್ಲೇ ಮೊದಲ ಸಲ ಸಾವಿರ ದಾಟಿದೆ ಎಂದು ಡಾಕ್ಟರು ಎದ್ದು ನಿಂತು ಹೇಳಿದರು. ಚಪ್ಪಾಳೆ ಮುಗಿಯುವವರೆಗೂ ಕಾದು ಭಾವ ಎದ್ದರು. ದೊಡ್ಡ ಕೆರೆಯನ್ನು ಎಷ್ಟು ಗಂಟೆಗೆ ಎಣಿಸಿದಿರಿ ಎಂದು ಕೇಳಿದರು. ಏಳಕ್ಕೆ. ಚಿಕ್ಕ ಕೆರೆಯನ್ನು? ಜೀಪಿನಲ್ಲಿ ಸುತ್ತಿಕೊಂಡು ಹೋಗಿ, ಒಂಬತ್ತಕ್ಕೆ.

"ಹಂಗಾದ್ರೆ ಅವೇ ಬಾತು ಡಾಕ್ಟ್ರೇ," ಎಂದರು ಭಾವ. "ಏಳು ನಲವತ್ತಕ್ಕೆ ಮೀನಿನ ದೋಣಿ ನೀರಿಗೆ ಇಳಿಯುತ್ತೆ, ಇವು ಏಳ್ತವೆ, ಇಟ್ಟಿಗೆ ಗೂಡಿನ ಕಡೆ ಹೋಗ್ತವೆ. ಒಂದೇ ಬಸ್ಸನ್ನ ಎರಡು ಸ್ಟಾಪಿನಲ್ಲಿ ನೋಡಿ ಎರಡು ಬಸ್ಸು ಅಂತ ಬರೆದಿದ್ದೀರಿ."

ಸಭೆ ಮೊದಲು ನಕ್ಕಿತು, ಆಮೇಲೆ ಕೆರಳಿತು. ಪಟ್ಟಿ ಕಳಿಸಲು ಇನ್ನೂ ಹತ್ತು ದಿನವಿತ್ತು. ಬರುವ ಭಾನುವಾರ ಎರಡೂ ಕೆರೆಗೆ ಒಂದೇ ಹೊತ್ತಿನಲ್ಲಿ ಜನ ನಿಲ್ಲಿಸಿ ನೋಡೋಣ ಎಂದರು ಭಾವ. ನಿಮ್ಮ ಮಾತು ತಪ್ಪಾದರೆ ಎಂದು ಡಾಕ್ಟರು ಕೇಳಿದ್ದಕ್ಕೆ, ಆರು ಚಳಿಗಾಲದ ಪುಸ್ತಕಗಳನ್ನೂ ಸಂಘದ ಮೇಜಿನ ಮೇಲಿಟ್ಟು ಮನೆಯಲ್ಲಿ ಕೂರುತ್ತೇನೆ, ಕೆರೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದರು. ಇದನ್ನು ಕೇಳಿ ಅಕ್ಕ, ಅಂತೂ ನನ್ನ ಮನೆಗೆ ನನ್ನ ಗಂಡ ಬರುವ ಕಾಲ ಬಂತು ಎಂದು ನಕ್ಕಳು. ನಕ್ಕವಳು ಒಳಗೆ ಹೋಗಿ ಆ ಪುಸ್ತಕಗಳ ಧೂಳನ್ನು ಒಂದೊಂದಾಗಿ ಒರೆಸಿಟ್ಟಳು.

ದೊಡ್ಡ ಕೆರೆಗೆ ಡಾಕ್ಟರ ಜೊತೆ ಭಾವ ತಾವೇ ನಿಲ್ಲುವುದೆಂದೂ ಚಿಕ್ಕ ಕೆರೆಗೆ ಸಂಘದ ಪರವಾಗಿ ಫೋಟೊ ಸ್ಟುಡಿಯೊದ ಹುಡುಗಿ ಹೋಗುವುದೆಂದೂ ನಿಶ್ಚಯವಾಯಿತು. ಅವಳ ಜೊತೆ ನಮ್ಮ ಕಡೆಯವರೊಬ್ಬರು ಬೇಕಲ್ಲ? ಆ ಚಳಿಗಾಲ ಅವರ ಮನೆಯಲ್ಲೇ ಇದ್ದ ನನ್ನನ್ನು ಭಾವ ಕರೆದರು. ನನಗೆ ಬರೆಯಲು ಸರಿಯಾಗಿ ಬಾರದು ಎಂದೆ.

"ಎರಡು ಮಾತು ಬಂದ್ರೆ ಸಾಕಮ್ಮ. ಇವೆ, ಇಲ್ಲ. ಐದು ನಿಮಿಷಕ್ಕೊಂದು ಸಲ ಬರೀಬೇಕು. ಓದಿದೋರನ್ನ ಕಳಿಸಿದ್ರೆ 'ಇಲ್ಲ' ಬರೆಯೋಕೆ ನಾಚ್ಕೋತಾರೆ."

ಹಿಂದಿನ ಸಂಜೆ ಎರಡು ಗಡಿಯಾರಗಳನ್ನು ಅಕ್ಕಪಕ್ಕ ಇಟ್ಟು, ಸೆಕೆಂಡಿನ ಮುಳ್ಳು ಸಹ ಜೊತೆಗೆ ಹೆಜ್ಜೆ ಹಾಕುವಂತೆ ಹೊಂದಿಸಿ, ಒಂದನ್ನು ನನ್ನ ಕೈಗೆ ಕಟ್ಟಿದರು. ಗುಂಪಿನಲ್ಲಿ ಬಿಳಿ ರೆಕ್ಕೆಯದು ಒಂದಿದೆ, ಅದೇ ಬಸ್ಸಿನ ನಂಬರು ಎಂದೂ ಹೇಳಿಕೊಟ್ಟರು.

ಭಾನುವಾರ ಬೆಳಗ್ಗೆ ಚಿಕ್ಕ ಕೆರೆಯ ದಡದ ಪಂಪುಮನೆಯ ಮೆಟ್ಟಿಲ ಮೇಲೆ, ಮೈಗೆ ಎರಡು ಶಾಲು ಸುತ್ತಿ ಕೂತೆ. ನೀರಿನ ಮೇಲೆ ಮಂಜು ಹಾಲಿನ ಕೆನೆಯಂತೆ ನಿಂತಿತ್ತು, ನಿಧಾನವಾಗಿ ಕರಗಿತು. ಕೆಳಗೆ ಎರಡು ಬಕ ಬಿಟ್ಟರೆ ಏನೂ ಇಲ್ಲ. ಏಳು ಗಂಟೆ, ಇಲ್ಲ. ಏಳು ಐದು, ಇಲ್ಲ. ಏಳು ಹತ್ತು, ಇಲ್ಲ. ಸ್ಟುಡಿಯೊದ ಹುಡುಗಿ ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ಕೈ ಉಜ್ಜಿಕೊಳ್ಳುತ್ತಾ, "ಅಜ್ಜಿ, ಎಲ್ಲಾ ಇಲ್ಲವೇ ತಾನೆ, ಒಂದು ಗೀಟು ಎಳೆದುಬಿಡಿ" ಎಂದಳು. ನನಗೂ ಒಂದು ಕ್ಷಣ ಹಾಗನ್ನಿಸಿತು. ಇಲ್ಲದ್ದನ್ನು ಹತ್ತು ಸಲ ಬರೆಯುವುದೆಂದರೆ ಖಾಲಿ ಮನೆಯ ಬಾಗಿಲು ಹತ್ತು ಸಲ ತಟ್ಟಿದ ಹಾಗೆ. ಆದರೂ ಬರೆದೆ. ಏಳು ನಲವತ್ತಾಯಿತು. ಆಕಾಶ ಬೋಳು. ಏಳು ನಲವತ್ತೈದಕ್ಕೂ ಇಲ್ಲ. ಭಾವ ಆ ಕೋಟನ್ನು ಮೊಳೆಗೆ ತಗುಲಿಸಿ, ಕಿಟಕಿಯ ಬಳಿ ಕೂತು ಯಾವುದಕ್ಕೂ ಕಾಯದೆ ದಿನ ಕಳೆಯುವುದು ಕಣ್ಣಿಗೆ ಕಟ್ಟಿತು. ಏಳು ಐವತ್ತು. ಕಣ್ಣು ಮಂಜಾದರೂ, ಇಲ್ಲ ಎಂದೇ ಬರೆದೆ.

ಏಳು ಐವತ್ತೆರಡಕ್ಕೆ ಇಟ್ಟಿಗೆ ಗೂಡಿನ ಹೊಗೆಕೊಳವೆಯ ಮೇಲಿಂದ ಅವು ಬಂದವು. ಮೊದಲು ಸದ್ದು, ರೇಷ್ಮೆ ಬಟ್ಟೆಯನ್ನು ಕೊಡವಿದಂಥ ಸದ್ದು; ಆಮೇಲೆ ಗೆರೆ ಗೆರೆಯಾಗಿ, ಗೊಂಚಲು ಗೊಂಚಲಾಗಿ ಬಂದು, ಕೆರೆಯನ್ನು ಒಂದು ಸುತ್ತು ಹಾಕಿ, ಕಾಲು ಮುಂದೆ ಚಾಚಿ ನೀರನ್ನು ಉದ್ದಕ್ಕೂ ಸೀಳುತ್ತಾ ಇಳಿದವು. ಬಿಳಿ ರೆಕ್ಕೆಯದು ನಡುವಿನಲ್ಲೇ ಇತ್ತು. ಹುಡುಗಿ ಚಳಿ ಮರೆತು ಚಕಚಕನೆ ಚಿತ್ರ ತೆಗೆದಳು, ಎರಡು ಸಲ ಎಣಿಸಿದಳು: ಆರುನೂರ ಮೂವತ್ತೊಂದು. ನಾನು ದೊಡ್ಡ ಅಕ್ಷರದಲ್ಲಿ 'ಇವೆ' ಎಂದು ಬರೆದೆ. ಒತ್ತಿ ಬರೆದು ಪೆನ್ಸಿಲಿನ ಮೊನೆ ಮುರಿಯಿತು.

ಆಮೇಲೆ ಎಲ್ಲರೂ ದೊಡ್ಡ ಕೆರೆಯ ಬಳಿ ಸೇರಿ, ಜೀಪಿನ ಮೂತಿಯ ಮೇಲೆ ಎರಡು ಹಾಳೆಗಳನ್ನು ಅಕ್ಕಪಕ್ಕ ಹರಡಿದರು. ದೊಡ್ಡ ಕೆರೆಯ ಹಾಳೆ ಡಾಕ್ಟರ ಕೈಬರಹ. ಏಳಕ್ಕೆ ಆರುನೂರ ಮೂವತ್ತೆಂಟು, ಏಳು ನಲವತ್ತೆಂಟಕ್ಕೆ ಹೊರಟವು, ಏಳು ಐವತ್ತಕ್ಕೆ ಇಲ್ಲ. ದೂರದರ್ಶಕ ಹಿಡಿದ ಜನರನ್ನು ನೋಡುತ್ತಾ ನಿಂತ ಮೀನುಗಾರ ದೋಣಿ ಬಿಡುವುದನ್ನು ಎಂಟು ನಿಮಿಷ ತಡಮಾಡಿದ್ದನಂತೆ. ಅಲ್ಲಿ ಇರುವಷ್ಟು ಹೊತ್ತು ಇಲ್ಲಿ ಇಲ್ಲ. ಇಲ್ಲಿ ಬಂದ ಮೇಲೆ ಅಲ್ಲಿ ಇಲ್ಲ. ಭಾವ ಒಂದು ಸಾಲಿನ ಮೇಲೆ ಮಾತ್ರ ಬೆರಳಿಟ್ಟರು.

"ಏಳು ಐವತ್ತಕ್ಕೆ ಎರಡೂ ಕಡೆ ಇಲ್ಲ. ಆಗ ದಾರಿಯಲ್ಲಿದ್ದವು."

ಡಾಕ್ಟರು ನನ್ನ ಹಾಳೆಯನ್ನು ಕೈಗೆತ್ತಿಕೊಂಡರು. ನನ್ನ ವಕ್ರ ಅಕ್ಷರದ ಹನ್ನೊಂದು 'ಇಲ್ಲ'ಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಓದಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಸಂಘದ ಪಟ್ಟಿಯಲ್ಲಿದ್ದ ಆ ದೊಡ್ಡ ಸಂಖ್ಯೆಯನ್ನು ತಾವೇ ಹೊಡೆದು ಹಾಕಿದರು. ಆ ಮನುಷ್ಯರ ದೊಡ್ಡತನವನ್ನು ನಾನು ಅಂದು ಕಂಡೆ.

"ಹೋಯ್ತಲ್ಲ ಸ್ವಾಮಿ, ನಮ್ಮ ಸಾವಿರ," ಎಂದರು.

"ಸಾವಿರ ಯಾವತ್ತೂ ಇರ್ಲಿಲ್ಲ ಡಾಕ್ಟ್ರೇ," ಎಂದರು ಭಾವ. "ಎಣಿಕೆ ದಿನದ ಆರುನೂರ ನಲವತ್ತೆರಡು ಇವೆ. ಅವು ಎಲ್ಲೂ ಹೋಗಲ್ಲ."

ಆ ವರ್ಷದ ಪಟ್ಟಿ ಆ ಸಂಖ್ಯೆಯೊಂದಿಗೇ ಹೋಯಿತು, ಕೆಳಗೆ ಭಾವನ ಹೆಸರಿನೊಂದಿಗೆ. ದೇಶದ ಪಟ್ಟಿ ಕೂಡಿಸುವವರಿಂದ ಎರಡು ತಿಂಗಳಲ್ಲಿ ಉತ್ತರ ಬಂತು: ಇನ್ನು ಮೇಲೆ ಹತ್ತಿರದ ಕೆರೆಗಳನ್ನೆಲ್ಲ ಒಂದೇ ನಿಮಿಷಕ್ಕೆ ಎಣಿಸತಕ್ಕದ್ದು, ಇಲ್ಲದ್ದನ್ನೂ ಬರೆಯತಕ್ಕದ್ದು ಎಂದು ಎಲ್ಲ ಊರುಗಳಿಗೂ ತಿಳಿಸಿದ್ದೇವೆ. ಅಕ್ಕ ಆ ಕಾಗದವನ್ನು ಬೀದಿಯ ಪ್ರತಿ ಮನೆಗೂ ಒಯ್ದು, ನಮ್ಮೋರು ಮೊದಲಿಂದ ಹೇಳ್ತಾನೇ ಇದ್ರು, ಕೇಳೋರು ಬೇಕಲ್ಲ ಎಂದು ಗಂಭೀರವಾಗಿ ಹೇಳಿ ಬಂದಳು. ಮುಂದಿನ ಚಳಿಗಾಲ ಐದು ಕೆರೆಗಳ ದಡದಲ್ಲಿ ಐದು ತಂಡಗಳು ನಿಂತವು. ಅಷ್ಟೂ ಗಡಿಯಾರಗಳನ್ನು ಹೊಂದಿಸಿಕೊಟ್ಟವರು ಭಾವ. ಡಾಕ್ಟರು ತಮ್ಮ ಕೈಯನ್ನು ಮೊದಲು ಚಾಚಿದರು.

ಓದು ಇಲ್ಲದ ನಾನು ಇಷ್ಟು ವರ್ಷದಲ್ಲಿ ಬಹಳ ಜನರನ್ನು ನೋಡಿದ್ದೇನೆ. ಕಂಡದ್ದನ್ನು ಕೂಗಿ ಹೇಳುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ, ಕಾಣದ್ದನ್ನು ಕಂಡೆವು ಎನ್ನುವವರು ಅವರಿಗಿಂತ ಒಂದು ಕೈ ಮೇಲು. ಭಾವನಂಥವರು ಅಪರೂಪ. ಅವರೂ ನಮ್ಮೆಲ್ಲರಂತೆಯೇ ಆಸೆಯಿಂದ ಕಾಯುತ್ತಾರೆ, ಬಹುಶಃ ನಮಗಿಂತ ಹೆಚ್ಚು ಆಸೆಯಿಂದ. ಆದರೆ ಎಷ್ಟೇ ಆಸೆಯಿದ್ದರೂ ಖಾಲಿ ನೀರನ್ನು ಖಾಲಿ ಎಂದೇ ಬರೆಯುತ್ತಾರೆ. ಹಾಗೆ ಬರೆದವರು ಒಂದು ದಿನ ತಲೆಯೆತ್ತಿ, ಬಂದಿವೆ ಎಂದರೆ, ಊರಿಗೆ ಊರೇ ಎದ್ದು ಆಕಾಶ ನೋಡಬಹುದು.