ಬಾವಿಗೆ ಸ್ನಾನ ಮಾಡಿಸಿದ್ದು

ಮನೆಗೆ ಯಾರಾದರೂ ಬರುತ್ತಾರೆಂದರೆ ಆರ್ಡಿತ್ ವಾಸ್ಬರ್ಗ್ ಕೊಟ್ಟಿಗೆಯ ಕಿಟಕಿಗಾಜನ್ನೂ ಒರೆಸುವ ಹೆಂಗಸು. ಪೆನ್ಸಿಲ್ವೇನಿಯಾದ ಆ ಗುಡ್ಡದ ಮೇಲಿನವರೆಲ್ಲ ಹೆಚ್ಚುಕಡಿಮೆ ಹಾಗೆಯೇ, ಆರ್ಡಿತ್ ಮಾತ್ರ ಒಂದು ಕೈ ಮುಂದು. ಹಾಗಾಗಿ, ಗುರುವಾರ ಬೆಳಿಗ್ಗೆ ಲ್ಯಾಬಿನವರು ಬಂದು ನಿಮ್ಮ ಬಾವಿಯ ನೀರನ್ನು ಪರೀಕ್ಷೆಗೆ ಒಯ್ಯುತ್ತಾರೆ ಎಂದು ಫೋನ್ ಬಂದಾಗ ಅವಳು ಸುಮ್ಮನೆ ಕೂರುವುದುಂಟೇ? ಬುಧವಾರ ಬಾವಿಗೇ ಸ್ನಾನ ಮಾಡಿಸಿದಳು. ಕೊಳವೆಬಾವಿಯ ಮುಚ್ಚಳ ಬಿಚ್ಚಿ, ಬಟ್ಟೆಗೆ ಹಾಕುವ ಬ್ಲೀಚನ್ನು ಕ್ಯಾನುಗಟ್ಟಲೆ ಸುರಿದಳು.

ನಿಜ ಹೇಳಬೇಕೆಂದರೆ ಆ ನೀರಿಗೆ ಸ್ನಾನ ಬೇಕಾಗಿತ್ತು. ಕೊಳೆತ ಮೊಟ್ಟೆಯ ವಾಸನೆ. ಕಮೋಡಿನೊಳಗೆ ತುಕ್ಕು ಬಣ್ಣದ ಬಳೆ. ಗಂಡ ಮರ್ಲ್ ಬದುಕಿದ್ದಾಗ, ಹೊಟ್ಟೆಗೆ ಸ್ವಲ್ಪ ಬಿಯರ್ ಬಿದ್ದ ಮೇಲೆ, ನಲ್ಲಿಯ ಬಾಯಿಗೆ ಲೈಟರ್ ಹಿಡಿದು ಭುಗ್ಗೆಂದು ಬೆಂಕಿ ಹೊತ್ತಿಸಿ ಅಳಿಯಂದಿರನ್ನು ಹೆದರಿಸುತ್ತಿದ್ದ. ಗುಡ್ಡದಡಿ ಗ್ಯಾಸ್ ಇದೆಯೆಂದು, ಈಗ ಅದನ್ನು ತೆಗೆಯಲು ಬಂದಿರುವ ಕಂಪನಿಗಿಂತ ಮೊದಲೇ ಮರ್ಲ್‌ಗೆ ಗೊತ್ತಿತ್ತು. ಆದರೆ ಇದೆಲ್ಲ ಮನೆಯೊಳಗಿನ ಗುಟ್ಟು. ಹೊರಗೆ, ಅದರಲ್ಲೂ ನಾದಿನಿ ನೋರೀನ್ ಎದುರು, ಆರ್ಡಿತ್ ವರ್ಷಗಟ್ಟಲೆ ಹಾಡುತ್ತ ಬಂದದ್ದು ಒಂದೇ ರಾಗ: "ನಮ್ಮ ಬಾವಿ ನೀರಲ್ಲಿ ಕಾಫಿ ಮಾಡಿದ್ರೆ ಸಕ್ಕರೇನೇ ಬೇಡ!" ಹೆತ್ತವರಿಗೆ ಹೆಗ್ಗಣ ಮುದ್ದು.

ಗುರುವಾರ ಬಂದ ಲ್ಯಾಬಿನ ಟೆಸ್ಸಾ ನಲ್ಲಿ ತಿರುಗಿಸಿದವಳೇ ಮೂಗು ಅರಳಿಸಿದಳು.

"ಮಿಸೆಸ್ ವಾಸ್ಬರ್ಗ್, ಇದು ಅಡುಗೆಮನೇನೋ ಈಜುಕೊಳಾನೋ? ಬಾವಿಗೆ ಬ್ಲೀಚ್ ಹಾಕಿದ್ರಾ?"

"ನಾನ್ಯಾಕಮ್ಮ ಹಾಕ್ಲಿ? ನಮ್ಮ ನೀರು ಮೊದಲಿಂದ್ಲೂ ಹೀಗೇ, ಶುದ್ಧ."

ಟೆಸ್ಸಾ ಬಾಟಲಿಗಳನ್ನು ಪಕ್ಕಕ್ಕಿಟ್ಟು ಕುರ್ಚಿ ಎಳೆದುಕೊಂಡಳು. "ನೋಡಿ, ನಾನು ನಿಮ್ಮ ನೀರಿಗೆ ಬಹುಮಾನ ಕೊಡೋಕೆ ಬಂದಿಲ್ಲ. ಸೋಮವಾರ ನಿಮ್ಮ ಬೇಲಿ ಆಚೆ ಕೊರೆಯೋಕೆ ಶುರು ಮಾಡ್ತಾರೆ. ಆಳದಲ್ಲಿರೋ ಶೇಲ್ ಕಲ್ಲಿಗೆ ನೀರು, ಮರಳು, ಕೆಮಿಕಲ್ಲು ನುಗ್ಗಿಸಿ ಒಡೆದು ಗ್ಯಾಸ್ ತೆಗೀತಾರೆ. ಕೊಳವೆ ಸುತ್ತ ಸಿಮೆಂಟು ಗಟ್ಟಿಯಾಗಿದ್ರೆ ಸರಿ. ಅದು ಬಿರುಕು ಬಿಟ್ರೆ ಗ್ಯಾಸು ನಿಮ್ಮ ಬಾವಿಗೇ ಬರಬಹುದು. ಆಗ ನೀವು 'ನೀರು ಕೆಟ್ಟೋಯ್ತು' ಅಂತೀರಿ. 'ಮೊದಲು ಹೇಗಿತ್ತು?' ಅಂತ ಅವರು ಕೇಳ್ತಾರೆ. ಅದಕ್ಕೆ ಉತ್ತರ ಈ ಬಾಟ್ಲಿ. ಬ್ಲೀಚ್ ಬೆರೆತ ನೀರು ತುಂಬಿಸಿದ್ರೆ ನಿಮ್ಮ ಕೈಲಿ ಉತ್ತರಾನೇ ಇರಲ್ಲ."

"ಹಾಗಾದ್ರೆ... ಯಾರಾದ್ರೂ ಹಾಕಿದ್ರು ಅಂತಿಟ್ಕೊ, ಮತ್ತೆ ಬಂದು ತಗೊಂಡ್ರಾಯ್ತಮ್ಮ."

"ಅದು ಪೂರ್ತಿ ಹೋಗೋಕೆ ವಾರಗಟ್ಟಲೆ ಬೇಕು. ಸೋಮವಾರ ಕಾಯುತ್ತಾ?"

ಆರ್ಡಿತ್‌ಗೆ ತನ್ನ ಎಡವಟ್ಟು ಅರ್ಥವಾಯಿತು. ಆದರೂ ಬಾಯಿ ಮಾತ್ರ "ಹಾಕಿಲ್ಲ ಅಂದ್ನಲ್ಲ" ಎಂದೇಬಿಟ್ಟಿತು. ಟೆಸ್ಸಾ ನಿಟ್ಟುಸಿರುಬಿಟ್ಟು, ಆರ್ಡಿತ್ ಕೊಟ್ಟ ಹಣ್ಣಿನ ಪೈ ತಿಂದು, ಬಾಟಲಿ ತುಂಬಿಸಿಕೊಂಡು ಹೋದಳು. ಸಂಜೆ ಹಸುಗಳು ತೊಟ್ಟಿಯ ನೀರನ್ನು ಮೂಸಿ ಮುಖ ತಿರುಗಿಸಿದವು. ಅವುಗಳಿಗೆ ಕೊಳೆತ ಮೊಟ್ಟೆಯೇ ಬೇಕಂತೆ. ಆರ್ಡಿತ್ ಕೊಟ್ಟಿಗೆಯಲ್ಲಿ ನಿಂತು ಮೊದಲ ಸಲ ನಿಜವಾಗಿ ಹೆದರಿದಳು. ಈ ಬಾವಿ ಹೋದರೆ ಹಸುವಿಲ್ಲ, ಹಸುವಿಲ್ಲದಿದ್ದರೆ ಈ ಗುಡ್ಡದ ಮೇಲೆ ತನಗೇನು ಕೆಲಸ?

ಶನಿವಾರ ಸಂಜೆ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಊರೂಟ. ಕೋಳಿ ಗ್ರೇವಿ, ಬನ್ನಿನಂಥ ಮೆತ್ತನೆ ಬಿಸ್ಕಿಟ್ಟು, ಕೋಸಂಬರಿಯ ಹಾಗೆ ಹೆಚ್ಚಿದ ಎಲೆಕೋಸು. ಊಟದ ನಡುವೆ ಕಂಪನಿಯ ಕ್ರೇಗ್ ಎದ್ದು ನಿಂತ. ಟೆಕ್ಸಾಸಿನವನು, ಬೂಟು ಇವರ ಪ್ಲೇಟಿಗಿಂತ ಚೊಕ್ಕ. ಲಾರಿಗಳ ಧೂಳಿಗೆ ನೀರು ಹೊಡೆಸುತ್ತೇವೆ, ಕೊಳಕು ನೀರನ್ನು ಹಳ್ಳಕ್ಕೆ ಬಿಡದೆ ಟ್ಯಾಂಕಿನಲ್ಲಿ ತುಂಬುತ್ತೇವೆ ಎಂದೆಲ್ಲ ಹೇಳಿ, ಕೊನೆಗೆ ಗಂಟಲು ಸರಿಮಾಡಿಕೊಂಡ.

"ಟೆಸ್ಸಾಗೆ ಒಂದು ಅನುಮಾನ ಇದೆ. ಯಾರಾದ್ರೂ ಬಾವಿಗೆ ಬ್ಲೀಚ್ ಹಾಕಿದ್ರೆ ಈಗ್ಲೇ ಹೇಳ್ಬಿಡಿ. ಇಲ್ಲಾಂದ್ರೆ ಸೋಮವಾರ ಶುರು."

ಟೆಸ್ಸಾ ಬಾಯಿ ಬಿಡಲಿಲ್ಲ. ಒಂದು ಮನೆಯ ಸುದ್ದಿ ಇನ್ನೊಂದು ಮನೆಗೆ ಹೇಳುವಂತಿಲ್ಲ, ಅವಳ ಕೆಲಸದ ಕಟ್ಟಳೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ ಒಬ್ಬೊಬ್ಬರೂ ತಮ್ಮ ಗ್ರೇವಿಯನ್ನೇ ದಿಟ್ಟಿಸಿದರು. ಆರ್ಡಿತ್‌ಗೆ ಯಾರೂ ಕಾಣಲಿಲ್ಲ, ಎದುರಿಗೆ ಕೂತ ನೋರೀನ್ ಒಬ್ಬಳನ್ನು ಬಿಟ್ಟು. ಅವಳ ಮುಂದೆ ಈ ಮಾತು ಆಡುವುದಕ್ಕಿಂತ ಜೀರುಂಡೆಯಂತೆ ಬಿಸ್ಕಿಟ್ಟಿನೊಳಗೆ ಹೂತುಹೋಗುವುದೇ ವಾಸಿ ಅನ್ನಿಸಿತು. ಆದರೂ ಹಸುಗಳು ನೆನಪಾಗಿ ಎದ್ದಳು.

"ನಾನು ಹಾಕಿದ್ದು. ನನ್ನ ನೀರು ನಾರುತ್ತೆ. ತುಕ್ಕು ಬೇರೆ. ಕಡ್ಡಿ ಗೀರಿದ್ರೆ ಹತ್ಕೊಳ್ಳುತ್ತೆ. ನಾಚಿಕೆಯಾಗಿ ಹಾಕ್ದೆ. ಈಗ ನಿಲ್ಲಿಸಿ."

ಕ್ರೇಗ್ ಮುಗುಳ್ನಕ್ಕ. "ಒಂದೇ ಮನೆ ತಾನೇ? ಉಳಿದವ್ರ ಬಾವಿ ನೀರು ತಗೊಂಡಿದ್ದೀವಲ್ಲ, ಸಾಕು. ನಿಮ್ಮದನ್ನ ಬಿಟ್ಟು ಶುರು ಮಾಡ್ತೀವಿ."

ಮಾನವೂ ಹೋಯಿತು, ಬಾವಿಯೂ ಹೋಯಿತು. ಆಗ ನೋರೀನ್ ಎದ್ದಳು.

"ಕೂತ್ಕೊಳೇ ಆರ್ಡಿತ್. ನಿನ್ನ ನೀರು ನಾರೋದು ಊರಿಗೆಲ್ಲ ಗೊತ್ತಿರೋದೇ. ನೀನು ಕೊಟ್ಟ ಕಾಫೀನೆಲ್ಲ ಕಿಟಕಿ ಹತ್ರದ ಕುಂಡಕ್ಕೆ ಸುರಿದೂ ಸುರಿದೂ ಆ ಗಿಡಾನೂ ಸತ್ತೋಯ್ತು." ನಗು ಎದ್ದಿತು. ಅವಳು ಕ್ರೇಗ್ ಕಡೆ ತಿರುಗಿದಳು. "ಎರಡು ಮನೆ ಅಂತ ಬರ್ಕೊಳ್ಳಪ್ಪ. ನಾನೂ ಹಾಕಿದೀನಿ. ಇವಳಿಗಿಂತ ಎರಡು ಕ್ಯಾನ್ ಜಾಸ್ತೀನೇ."

ಆಮೇಲೆ ಹಿಂದಿನ ಮೇಜಿನಿಂದ ಒಂದು ಕೈ ಮೇಲೆದ್ದಿತು. ಬಾಗಿಲ ಬಳಿ ಮತ್ತೊಂದು. ಪಾದ್ರಿಗಳೂ ಕೆಮ್ಮಿ, ಅರ್ಧ ಕೈ ಎತ್ತಿದರು. ಎಲ್ಲರ ಮನೆ ದೋಸೆಯೂ ತೂತೇ! ಕ್ರೇಗ್ ಕೈಗಳನ್ನು ಎಣಿಸುವುದನ್ನು ಅರ್ಧಕ್ಕೇ ಬಿಟ್ಟ. ನೀರು ಮೊದಲೇ ಕೆಟ್ಟಿತ್ತೆಂದು ತೋರಿಸುವ ಒಂದೂ ಪರೀಕ್ಷೆಯಿಲ್ಲದೆ ಕೊರೆದರೆ ನಾಳೆ ಗುಡ್ಡದ ಅಷ್ಟೂ ನಲ್ಲಿಗಳ ದೂರು ಕಂಪನಿಯ ತಲೆಗೇ ಎಂದು ಅವನಿಗೂ ಗೊತ್ತಿತ್ತು. ಫೋನ್ ಹಿಡಿದು ಹೊರಗೆ ಹೋದವನು ಬಂದು, ನೀರು ತಿಳಿಯಾಗುವ ತನಕ ಕೆಲಸ ಮುಂದಕ್ಕೆ ಎಂದ.

ಟೆಸ್ಸಾ ಮತ್ತೆ ಬರುವ ಹೊತ್ತಿಗೆ ಮೇಪಲ್ ಎಲೆಗಳು ಕೆಂಪಾಗಿದ್ದವು. ಆ ದಿನ ಬೆಳಿಗ್ಗೆ ಆರ್ಡಿತ್ ಪಟ್ಟ ಕಷ್ಟ ದೇವರಿಗೇ ಗೊತ್ತು. ಕೈ ತಾನಾಗಿ ಕಮೋಡ್ ಬ್ರಷ್‌ನ ಕಡೆ ಹೋಗುತ್ತಿತ್ತು, ಅವಳು ಎಳೆದೆಳೆದು ತರುತ್ತಿದ್ದಳು. ನಲ್ಲಿ ತಿರುಗಿಸಿದಾಗ ಅಡುಗೆಮನೆ ತುಂಬ ಆ ಹಳೆಯ ನಾತ ಹರಡಿತು. ಟೆಸ್ಸಾ ಮೂಗು ಮುಚ್ಚಿಕೊಂಡು ಬಾಟಲಿ ತುಂಬಿಸಿದಳು. ಆರ್ಡಿತ್‌ಗೆ ಯಾಕೋ ಕಣ್ಣು ತುಂಬಿ ಬಂತು.

"ಚೆನ್ನಾಗಿ ಮೂಸಿ ನೋಡಮ್ಮ, ಇದ್ದದ್ದು ಇದ್ದ ಹಾಗೇ ಬರ್ಕೊ," ಎಂದಳು. "ಮುಂದಿನ ವರ್ಷಾನೂ ನನ್ನ ನೀರು ಇಷ್ಟೇ ನಾರ್ಬೇಕು. ಒಂದು ಚೂರು ಜಾಸ್ತಿ ನಾರಿದ್ರೂ ನಾನು ಸುಮ್ನಿರೋಳಲ್ಲ ಅಂತ ಆ ಕ್ರೇಗ್‌ಗೆ ಹೇಳು."